ದೃಷ್ಟಿ ಇಲ್ಲದ ಅಭ್ಯರ್ಥಿಗೆ ನಮ್ಮ ಆನ್‌ಲೈನ್ ಅರ್ಜಿ ತುಂಬಲಾಗಲಿಲ್ಲ. ಇಮೇಲ್‌ನಲ್ಲಿ ಬಯೋಡೇಟಾ ತರಿಸಿಕೊಂಡರೆ ಸಾಕೇ?

ನಿಮ್ಮದು ಮೂವತ್ತು ನಲವತ್ತು ಜನರ ಕಂಪನಿ, ವೆಬ್‌ಸೈಟ್ ನೋಡಿಕೊಳ್ಳಲು ಒಬ್ಬರೇ ಡೆವಲಪರ್ ಇದ್ದಾರೆ ಎಂದು ಬರೆದಿದ್ದೀರಿ. ಈ ಸಲದ ಮಟ್ಟಿಗೆ ಇಮೇಲ್‌ನಲ್ಲೇ ತರಿಸಿಕೊಳ್ಳಿ, ಅವರಿಗೆ ಅವಕಾಶ ತಪ್ಪಬಾರದು. ಆದರೆ ಅಷ್ಟಕ್ಕೇ ಬಿಡಬೇಡಿ. ಫಾರ್ಮನ್ನೇ ಸರಿಮಾಡಿ.

ನನಗೂ ದೃಷ್ಟಿ ಇಲ್ಲ. ಬೆಂಗಳೂರಿನಲ್ಲಿ ವೆಬ್‌ಸೈಟ್‌ಗಳನ್ನು ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ಹಾಕಿ ಪರೀಕ್ಷಿಸುವುದೇ ನನ್ನ ಕೆಲಸ. ಫಾರ್ಮ್ ತುಂಬಲಾಗದಿದ್ದಾಗ ನಾವು ಏನು ಮಾಡುತ್ತೇವೆ ಗೊತ್ತಾ? ತಮ್ಮನನ್ನೋ ರೂಮ್‌ಮೇಟನ್ನೋ ಕರೆಯುತ್ತೇವೆ. ಯಾರೂ ಸಿಗದಿದ್ದರೆ ಸೈಬರ್ ಸೆಂಟರ್‌ಗೆ ಹೋಗುತ್ತೇವೆ. ಆಧಾರ್ ನಂಬರ್, ಪಾಸ್‌ವರ್ಡ್, ಓಟಿಪಿ, ಹಳೇ ಸಂಬಳ, ಎಲ್ಲವನ್ನೂ ಅಲ್ಲಿ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಬೇಕು. ಅವರು ಸರಿಯಾಗಿ ಟೈಪ್ ಮಾಡಿದರೋ ಇಲ್ಲವೋ ತಿಳಿಯುವುದಿಲ್ಲ. ಒಮ್ಮೆ ನನ್ನ ಹುಟ್ಟಿದ ವರ್ಷವೇ ತಪ್ಪಾಗಿ ಹೋಗಿತ್ತು. ಗೊತ್ತಾಗಿದ್ದು ಅರ್ಜಿ ತಿರಸ್ಕಾರ ಆದ ಮೇಲೆ. ನನ್ನ ಅರ್ಜಿಯನ್ನು ನಾನೇ ತುಂಬಬೇಕು, ನಾನೇ ಇನ್ನೊಮ್ಮೆ ಓದಿ ಸಬ್‌ಮಿಟ್ ಒತ್ತಬೇಕು. ನಾವು ಕೇಳುವುದು ಇಷ್ಟೇ. ಇಮೇಲ್ ದಾರಿಯಲ್ಲಿ ಇನ್ನೊಂದು ತೊಂದರೆಯೂ ಇದೆ. ಉಳಿದವರಿಗೆ ಅರ್ಜಿ ಸಂಖ್ಯೆ ಬರುತ್ತದೆ, ಅರ್ಜಿ ಎಲ್ಲಿಗೆ ಬಂತು ಎಂದು ಮೆಸೇಜ್ ಬರುತ್ತದೆ. ಇಮೇಲ್ ಕಳಿಸಿದವರದ್ದು ಯಾರದೋ ಇನ್‌ಬಾಕ್ಸ್‌ನಲ್ಲಿ ಉಳಿದುಬಿಡುತ್ತದೆ.

ಡೆವಲಪರ್‌ಗೆ ಮೊದಲು ಮೌಸ್ ತೆಗೆದಿಟ್ಟು ಫಾರ್ಮ್ ತುಂಬಲು ಹೇಳಿ. ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀಲಿಗಳು ಮಾತ್ರ. ಅರ್ಧ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ: ಕೀಬೋರ್ಡಿಗೆ ತೆರೆಯದ ಡ್ರಾಪ್‌ಡೌನ್, ಕ್ಯಾಲೆಂಡರ್‌ನಲ್ಲೇ ಒತ್ತಿ ಎನ್ನುವ ಹುಟ್ಟಿದ ದಿನಾಂಕ, ಫೈಲನ್ನು ಎಳೆದು ತಂದು ಬಿಡಿ ಎನ್ನುವ ಅಪ್‌ಲೋಡ್. ಕೈ ನಡುಗುವವರಿಗೂ ಇವೇ ಅಡ್ಡಿ. ಆಮೇಲೆ ಎನ್‌ವಿಡಿಎ ಹಾಕಿಕೊಂಡು, ಮಾನಿಟರ್ ಆಫ್ ಮಾಡಿ ತುಂಬಲಿ. ಇದು ವಿಂಡೋಸ್‌ಗೆ ಸಿಗುವ ಉಚಿತ ಸ್ಕ್ರೀನ್ ರೀಡರ್. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಯಿತು. ಶುರು ಮಾಡಿದ ಮೈಕೆಲ್ ಕರ್ರನ್, ಅವರ ಜೊತೆ ಸೇರಿದ ಜೇಮ್ಸ್ ತೆಹ್ ಇಬ್ಬರಿಗೂ ದೃಷ್ಟಿ ಇಲ್ಲ. ಕನ್ನಡವನ್ನೂ ಓದುತ್ತದೆ. ಮೊಬೈಲಿನಲ್ಲಿ ಅರ್ಜಿ ಹಾಕುವವರೇ ಜಾಸ್ತಿ ಅಲ್ವಾ, ಹಾಗಾಗಿ ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್‌ನಲ್ಲೂ ನೋಡಲಿ.

ನಿಮ್ಮ ಅಭ್ಯರ್ಥಿಗೆ ಬಹುಶಃ ಬಾಕ್ಸ್‌ಗಳ ಹೆಸರೇ ಕೇಳಿಸಿರಲಿಕ್ಕಿಲ್ಲ. ಪರದೆಯ ಮೇಲೆ 'ವಿದ್ಯಾರ್ಹತೆ' ಎಂದು ಕಂಡರೂ, ಕೋಡ್‌ನಲ್ಲಿ ಆ ಹೆಸರನ್ನು ಲೇಬಲ್ ಟ್ಯಾಗ್ ಮೂಲಕ ಬಾಕ್ಸ್‌ಗೆ ಜೋಡಿಸದಿದ್ದರೆ ನಮಗೆ ಕೇಳುವುದು 'ಎಡಿಟ್, ಬ್ಲ್ಯಾಂಕ್' ಅಷ್ಟೇ. ಹತ್ತು ಬಾಕ್ಸ್ ಇದ್ದರೆ ಹತ್ತು ಸಲವೂ ಅದೇ. ತಪ್ಪಾದಾಗ ಬಾಕ್ಸ್ ಸುತ್ತ ಕೆಂಪು ಗೆರೆ ಎಳೆದರೆ ನಮಗೆ ಏನೂ ಗೊತ್ತಾಗುವುದಿಲ್ಲ, ಬಣ್ಣ ಗುರುತಿಸಲಾಗದವರಿಗೂ ಗೊತ್ತಾಗುವುದಿಲ್ಲ. 'ಪಿನ್‌ಕೋಡ್ 6 ಅಂಕಿ ಇರಬೇಕು' ಎಂದು ಅಕ್ಷರದಲ್ಲೇ ಬರೆಯಿರಿ. ಕರ್ಸರ್ ತಪ್ಪಾದ ಬಾಕ್ಸ್‌ಗೇ ಹೋಗಿ ನಿಲ್ಲಲಿ.

'ನೀವು ಯಂತ್ರವಲ್ಲ ಎಂದು ತೋರಿಸಿ' ಎನ್ನುವ ಕ್ಯಾಪ್ಚಾ ಇದ್ದರೆ ದಯವಿಟ್ಟು ತೆಗೆಯಿರಿ. ಅಂಕುಡೊಂಕು ಅಕ್ಷರದ ಚಿತ್ರ ನಮಗೆ ಗೋಡೆಯೇ. ಧ್ವನಿ ಕ್ಯಾಪ್ಚಾ ಕಿವಿ ಕೇಳದವರಿಗೆ ಆಗದು, ಕೇಳುವವರಿಗೂ ಆ ಗದ್ದಲದಲ್ಲಿ ಬಿಡಿಸಿಕೊಳ್ಳುವುದು ಕಷ್ಟ. ಇಮೇಲ್‌ಗೆ ಒಂದು ಲಿಂಕ್ ಕಳಿಸಿ, ಒತ್ತಿದರೆ ಮುಗಿಯಿತು. ಸಮಯದ ಮಿತಿಯೂ ಹಾಗೇ. ಒಂದೇ ಬೆರಳಲ್ಲಿ ಟೈಪ್ ಮಾಡುವವರು ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಲಾಗ್‌ಔಟ್ ಆದರೆ, ತುಂಬಿದ್ದೆಲ್ಲ ಹೋಗಿರುತ್ತದೆ. ವೆಬ್‌ಸೈಟ್ ಅಂಗವಿಕಲರಿಗೂ ಬಳಸಲಾಗುವಂತಿರಲು ಇರುವ ಅಂತರರಾಷ್ಟ್ರೀಯ ಮಾನದಂಡವಾದ ಡಬ್ಲ್ಯೂಸಿಎಜಿ ಹೇಳುವ ಒಂದು ದಾರಿ ಹೀಗಿದೆ: ಸಮಯ ಮುಗಿಯುವ ಮುಂಚೆ ಎಚ್ಚರಿಸಬೇಕು, ಒಂದು ಕೀಲಿ ಒತ್ತಿ ಮುಂದುವರಿಸಲು ಕನಿಷ್ಠ 20 ಸೆಕೆಂಡು ಕೊಡಬೇಕು. ಅದಕ್ಕಿಂತ ತುಂಬಿದಷ್ಟನ್ನು ತಾನಾಗಿ ಸೇವ್ ಮಾಡುವುದು ಒಳ್ಳೆಯದು.

ಫೋಟೋ, ಸಹಿ ಇಷ್ಟೇ ಕೆಬಿ ಇರಬೇಕು ಎಂದು ಕೇಳುತ್ತಿದ್ದೀರಾ? ಅರ್ಜಿಯ ಹಂತದಲ್ಲಿ ನಿಮ್ಮಂಥ ಕಂಪನಿಗೆ ಅವು ಬೇಕಾಗುವುದೇ ಇಲ್ಲ, ಸುಮ್ನೆ ತೆಗೆದುಬಿಡಿ. ಮೊಬೈಲ್ ನಂಬರ್ ಕೇಳಿದಲ್ಲಿ 'ಕರೆ ಬೇಕೋ ಮೆಸೇಜ್ ಬೇಕೋ' ಎಂದೂ ಕೇಳಿ. ಕಿವಿ ಕೇಳದವರು ನಿಮ್ಮ ಕರೆ ಎತ್ತಲಿಲ್ಲ ಎಂದು ಪಟ್ಟಿಯಿಂದ ಬಿಟ್ಟುಹೋಗಬಾರದು. ಯುಡಿಐಡಿ ಕಾರ್ಡನ್ನು (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಅರ್ಜಿಯಲ್ಲೇ ಕಡ್ಡಾಯ ಮಾಡಬೇಡಿ. ಬದಲಿಗೆ 'ಪರೀಕ್ಷೆಗೆ ಅಥವಾ ಸಂದರ್ಶನಕ್ಕೆ ಏನಾದರೂ ವ್ಯವಸ್ಥೆ ಬೇಕಾ?' ಎಂದು ಒಂದು ಬಾಕ್ಸ್ ಇಡಿ.

ಕೆಲಸದ ಪ್ರಕಟಣೆಯನ್ನೂ ನೋಡಿ. ಸ್ಕ್ಯಾನ್ ಮಾಡಿದ ಪಿಡಿಎಫ್ ನಮಗೆ ಬರೀ ಚಿತ್ರ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಚೆಂದದ ಕನ್ನಡ, ಆದರೆ ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಓದುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ವೆಬ್‌ಪುಟದಲ್ಲೇ ಹಾಕಿ.

ಕಾನೂನು ಏನು ಹೇಳುತ್ತದೆ ಎಂದೂ ಕೇಳಿದ್ದೀರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಖಾಸಗಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಹೆಚ್ಚು ಉದ್ಯೋಗಿಗಳಿದ್ದರೆ ಆ ನೀತಿಯಲ್ಲಿ ಆಯ್ಕೆಯ ವಿಧಾನ, ಸೌಲಭ್ಯಗಳು ಇರಬೇಕು, ಒಬ್ಬ ಸಂಪರ್ಕ ಅಧಿಕಾರಿಯನ್ನೂ ನೇಮಿಸಬೇಕು. ನಿಮ್ಮ ಕಂಪನಿ ಇದರಲ್ಲಿ ಬರುತ್ತದೆ. ಆ ಅಧಿಕಾರಿಯ ನಂಬರ್ ಮತ್ತು ಇಮೇಲ್ ಅನ್ನು ಫಾರ್ಮ್‌ನ ಮೇಲ್ಭಾಗದಲ್ಲೇ ಹಾಕಿ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳು ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿದೆ. ಆ ಪ್ರಕರಣದಲ್ಲಿ, ಕಣ್ಣು ಮಿಟುಕಿಸಿ ಗುರುತು ತೋರಿಸಿ ಎನ್ನುವ ಇ-ಕೆವೈಸಿ (ಆನ್‌ಲೈನ್ ಗುರುತು ಪರಿಶೀಲನೆ) ತಮ್ಮಿಂದ ಆಗದು ಎಂದು ಆಸಿಡ್ ದಾಳಿಗೆ ಒಳಗಾದವರು ಕೋರ್ಟಿಗೆ ಹೋಗಿದ್ದರು.

ಎಲ್ಲ ಆದ ಮೇಲೆ ಸ್ಕ್ರೀನ್ ರೀಡರ್ ಬಳಸುವ ಒಬ್ಬರಿಂದ, ಕೈಯ ಬಳಕೆ ಕಷ್ಟವಿರುವ ಒಬ್ಬರಿಂದ ಪೂರ್ತಿ ಫಾರ್ಮ್ ತುಂಬಿಸಿ ನೋಡಿ. ಅವರ ಸಮಯಕ್ಕೆ ದುಡ್ಡು ಕೊಡಿ. ಡೆವಲಪರ್ ಪಕ್ಕದಲ್ಲೇ ಕೂತು, ಮಧ್ಯೆ ಬಾಯಿ ಹಾಕದೆ ನೋಡಲಿ.