ಟ್ರ್ಯಾಕ್ ಕೆಲಸವಿದ್ದರೆ ಸಕಲೇಶಪುರ ಘಾಟಿ ಕಾಣಿಸುತ್ತದೆಯೇ?

ಬೆಂಗಳೂರು–ಮಂಗಳೂರು ಹಗಲು ರೈಲಿನ ವಿಸ್ಟಾಡೋಮ್ (ಗಾಜಿನ ಚಾವಣಿಯ ಬೋಗಿ) ಟಿಕೆಟ್ ಇದೆ, ಹಳಿ ಕೆಲಸದಿಂದ ರೈಲು ಬೇರೆ ದಾರಿಯಲ್ಲಿ ಹೋದರೆ ಘಾಟಿ ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ಹೌದು, ಪೂರ್ತಿ ತಪ್ಪುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಒಂದೇ ಹಳಿ, 57 ಸುರಂಗ, 50 ಮೀಟರ್ ಸಾಗಿದರೆ 1 ಮೀಟರ್ ಏರು. ಪಕ್ಕದಲ್ಲಿ ಇನ್ನೊಂದು ಹಳಿಯಿಲ್ಲ. ಸೇಲಂ–ಶೊರನೂರು–ಕೋಳಿಕೋಡ್ ಸುತ್ತುದಾರಿ ಹಿಡಿದರೆ ಪಾಲಕ್ಕಾಡ್ ಕಣಿವೆ ಸಿಗುತ್ತದೆ, ಚಂದವೇ, ಆದರೆ ನೀವು ಹೊರಟಿದ್ದು ಅದಕ್ಕಲ್ಲ.

ಕೆಲಸಕ್ಕೆ ಹಗಲು ಬೆಳಕು ಬೇಕು, ಹಾಗಾಗಿ ಮೊದಲ ಏಟು ಹಗಲು ರೈಲಿಗೇ. 2025ರಲ್ಲಿ ವಿದ್ಯುದೀಕರಣಕ್ಕಾಗಿ ಜೂನ್‌ನಿಂದ ತಿಂಗಳುಗಟ್ಟಲೆ ಈ ದಾರಿಯ ಹಗಲು ರೈಲುಗಳು ರದ್ದಾಗಿದ್ದವು. ರದ್ದಾಗದಿದ್ದರೂ ದಾರಿಯಲ್ಲಿ ತಡೆದು ನಿಲ್ಲಿಸಿದರೆ ಘಾಟಿ ಸೇರುವಷ್ಟರಲ್ಲಿ ಕತ್ತಲಾಗಬಹುದು, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೊರಡುವ ವಾರ ನೈಋತ್ಯ ರೈಲ್ವೆಯ ಪ್ರಕಟಣೆ ನೋಡಿ. ಹಿಂದಿನ ರಾತ್ರಿ ರೈಲ್ವೆ ವಿಚಾರಣೆಯ 139ಕ್ಕೆ ಕರೆ ಮಾಡಿ. ರೈಲು ರದ್ದಾದರೆ ಇ-ಟಿಕೆಟ್ ಹಣ ತಾನಾಗಿ ವಾಪಸ್. ಮಾರ್ಗ ಬದಲಾಗಿ ನೀವು ಹೋಗದಿದ್ದರೆ ಹಾಗಲ್ಲ: ಹತ್ತುವ ನಿಲ್ದಾಣದ ನಿಗದಿತ ಸಮಯದಿಂದ 72 ಗಂಟೆಯೊಳಗೆ ಟಿಡಿಆರ್ (ಹಣ ವಾಪಸ್ ಕೋರುವ ಅರ್ಜಿ) ಹಾಕಲೇಬೇಕು.