ಮಠದ ಗ್ರಂಥಾಲಯಕ್ಕೆ ಅರ್ಧ ದಿನ ಇಡಿ

ಪ್ರಶ್ನೆ: ಮಗಳು ದಕ್ಷಿಣ ಜರ್ಮನಿಯಲ್ಲಿದ್ದಾಳೆ. ನಾವಿಬ್ಬರೂ ಹದಿನೈದು ದಿನಗಳ ಮಟ್ಟಿಗೆ ಅಲ್ಲಿಗೆ ಹೊರಟಿದ್ದೇವೆ. ಅಲ್ಲಿನ ಹಳೆಯ ಕೋಟೆ, ಚರ್ಚು, ಗ್ರಂಥಾಲಯಗಳಲ್ಲಿ ಯಾವುದನ್ನು ತಪ್ಪದೆ ನೋಡಬೇಕು?
– ಓದುಗರೊಬ್ಬರು, ಸಾಗರ

ಉತ್ತರ: ನನ್ನ ಮಟ್ಟಿಗೆ ಗ್ರಂಥಾಲಯಕ್ಕೇ ಮೊದಲ ಸ್ಥಾನ. ಗಡಿಯಾಚೆ ಸ್ವಿಟ್ಜರ್‌ಲೆಂಡಿನಲ್ಲಿರುವ ಸೇಂಟ್ ಗ್ಯಾಲನ್ ಮಠವನ್ನು ಯುನೆಸ್ಕೊ 1983ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹದಿನೆಂಟನೆಯ ಶತಮಾನದ ಅಲ್ಲಿನ ಗ್ರಂಥಾಲಯದ ಬಾಗಿಲ ಮೇಲೆ ‘ಆತ್ಮದ ಚಿಕಿತ್ಸಾಲಯ’ ಎಂಬರ್ಥದ ಗ್ರೀಕ್ ಬರಹವಿದೆ; ಮರದ ನೆಲ ಸವೆಯದಿರಲೆಂದು ಪ್ರವಾಸಿಗರು ಬಹುಕಾಲ ಬೂಟಿನ ಮೇಲೆಯೇ ಮೆತ್ತನೆಯ ಉಣ್ಣೆಯ ಪಾದರಕ್ಷೆ ಧರಿಸಿ ನಡೆಯುತ್ತಿದ್ದರು. ಸಾವಿರ ವರ್ಷ ದಾಟಿದ ಹಸ್ತಪ್ರತಿಗಳನ್ನು ಉಳಿಸಿಕೊಂಡ ಆ ಶ್ರದ್ಧೆಯನ್ನು ಕಾಣುವಾಗ, ನಿಮ್ಮೂರಿನ ಪಕ್ಕದ ಕೆಳದಿ ವಸ್ತುಸಂಗ್ರಹಾಲಯದ ತಾಳೆಗರಿಗಳು ಖಂಡಿತ ನೆನಪಾಗುತ್ತವೆ. ಹೊರಡುವ ಮೊದಲು ಅವುಗಳನ್ನೂ ಒಮ್ಮೆ ನೋಡಿ ಬನ್ನಿ.

ಚರ್ಚುಗಳಲ್ಲಿ, ದೂರವಾದರೂ, ಕಲೋನಿನ ಮಹಾ ಚರ್ಚನ್ನು ಬಿಡಬೇಡಿ. 1248ರಲ್ಲಿ ಆರಂಭವಾದ ಅದರ ಕಟ್ಟಡ, ನಡುವೆ ಶತಮಾನಗಳ ಕಾಲ ನಿಂತು, 1880ರಲ್ಲಿ ಪೂರ್ಣಗೊಂಡಿತು. ಗೋಪುರಕ್ಕೆ 533 ಮೆಟ್ಟಿಲುಗಳಿರುವುದರಿಂದ ಮೊಣಕಾಲು ನೋವಿದ್ದವರು ಕೆಳಗೇ ಕುಳಿತು ಬಣ್ಣದ ಗಾಜಿನ ಕಿಟಕಿಗಳನ್ನು ನೋಡುವುದು ಒಳ್ಳೆಯದು. ಪೂಜೆಯ ಹೊತ್ತಿನಲ್ಲಿ ಪ್ರವಾಸಿಗರು ತಿರುಗಾಡುವಂತಿಲ್ಲ.

ನಾಯ್‌ಶ್ವಾನ್‌ಸ್ಟೈನ್ ಕೋಟೆಗೆ ಸಮಯ ನಿಗದಿಯಾದ ಟಿಕೆಟ್ ಬೇಕು, ಮುಂಚಿತವಾಗಿಯೇ ಕಾಯ್ದಿರಿಸಿ.