ವರ್ಷವಿಡೀ ಬೆಚ್ಚಗಿರುವ ದ್ವೀಪಕ್ಕೆ ಸ್ವೆಟರ್ ಬೇಕೇ?

ಪ್ರಶ್ನೆ: ಮಗಳು ಲಂಡನ್ನಿನಲ್ಲಿದ್ದಾಳೆ. ಡಿಸೆಂಬರಿನಲ್ಲಿ ನಾವು ಅಲ್ಲಿಗೆ ಹೋದಾಗ ಒಂದು ವಾರ ಸ್ಪೇನಿನ ಟೆನೆರೀಫೆ ದ್ವೀಪಕ್ಕೆ ಕರೆದೊಯ್ಯುತ್ತಾಳಂತೆ. ವರ್ಷವಿಡೀ ಬೆಚ್ಚಗಿರುತ್ತದೆ ಎನ್ನುತ್ತಾರೆ. ಸ್ವೆಟರ್ ಬೇಕೇ? ಯಜಮಾನರಿಗೆ ಬಿ.ಪಿ. ಇದೆ, ಜ್ವಾಲಾಮುಖಿಯ ಮೇಲೆ ಹೋಗಬಹುದೇ?
– ಓದುಗರು, ಮೈಸೂರು

ಉತ್ತರ: ಜ್ವಾಲಾಮುಖಿಯ ಮೇಲೆ ಹೋಗುವುದಾದರೆ ಸ್ವೆಟರ್ ಸಾಲದು, ದಪ್ಪ ಜಾಕೆಟ್ಟೇ ಬೇಕು. ಬೆಚ್ಚಗಿರುವುದು ಕರಾವಳಿ ಮಾತ್ರ. ಅದರಲ್ಲೂ ದಕ್ಷಿಣದ ಲೋಸ್ ಕ್ರಿಸ್ಟಿಯಾನೋಸ್ ಕಡೆ ಡಿಸೆಂಬರಿನ ಹಗಲು ಸುಮಾರು 20–22 ಡಿಗ್ರಿ ಇರುತ್ತದೆ, ಬಿಸಿಲೂ ಚೆನ್ನಾಗಿರುತ್ತದೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಮೋಡವನ್ನೆಲ್ಲ ಉತ್ತರದ ಇಳಿಜಾರಿಗೆ ತಂದು ನಿಲ್ಲಿಸುತ್ತದೆ. ಹೀಗಾಗಿ ನಮ್ಮ ಮಲೆನಾಡು–ಬಯಲುಸೀಮೆಯಂತೆ ಉತ್ತರ ಹಸಿರು, ದಕ್ಷಿಣ ಒಣ. ಚಳಿಗಾಲದಲ್ಲಿ ವಯಸ್ಸಾದವರು ದಕ್ಷಿಣದಲ್ಲೇ ರೂಮು ಹಿಡಿಯುವುದು ಒಳ್ಳೆಯದು. ದ್ವೀಪಕ್ಕೆ ಎರಡು ವಿಮಾನ ನಿಲ್ದಾಣಗಳಿವೆ; ಟಿಕೆಟ್ಟಿನಲ್ಲಿ ‘ದಕ್ಷಿಣ’ ಎಂದಿದೆಯೇ ನೋಡಿಕೊಳ್ಳಿ.

ನಡುವಿನ ಟೇಯ್ದೆ ಜ್ವಾಲಾಮುಖಿಯ ಎತ್ತರ 3,715 ಮೀಟರ್. ಕೇಬಲ್ ಕಾರ್ 2,356 ಮೀಟರಿನಿಂದ 3,555 ಮೀಟರಿಗೆ ಸುಮಾರು ಎಂಟೇ ನಿಮಿಷದಲ್ಲಿ ಏರಿಸಿಬಿಡುತ್ತದೆ. ತೊಂದರೆ ಇರುವುದೇ ಅಲ್ಲಿ: ದೇಹಕ್ಕೆ ಹೊಂದಿಕೊಳ್ಳಲು ಸಮಯವಿಲ್ಲ, ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಹತ್ತಲೇಬಾರದು. ಬಿ.ಪಿ. ಹತೋಟಿಯಲ್ಲಿದ್ದರೂ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಬೇಡವೆಂದರೆ ಬೇಸರ ಬೇಡ. ಕೆಳಗೇ ರೋಕೆಸ್ ದೆ ಗಾರ್ಸಿಯಾ ಬಂಡೆಗಳ ಬಳಿ ಕಾರಿಳಿದು ನಾಲ್ಕು ಹೆಜ್ಜೆ ನಡೆದರೆ ಕಂದು, ಹಳದಿ, ಕಪ್ಪು ಲಾವಾ ಬಯಲೂ ಎದುರಿಗೆ ಇಡೀ ಟೇಯ್ದೆಯೂ ಕಾಣುತ್ತವೆ. ನಮ್ಮ ಮಟ್ಟಿಗೆ ದ್ವೀಪದ ಅತ್ಯುತ್ತಮ ನೋಟ ಅದೇ.

ಜೋರುಗಾಳಿ ಬಂದರೆ, ಹಿಮ ಕಟ್ಟಿದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ. ಆದ್ದರಿಂದ ಟಿಕೆಟ್ಟನ್ನು ಪ್ರವಾಸದ ಮೊದಲ ದಿನಗಳಿಗೇ ತೆಗೆದುಕೊಳ್ಳಿ; ತಪ್ಪಿದರೆ ಇನ್ನೊಂದು ದಿನ ಕೈಯಲ್ಲಿರುತ್ತದೆ. ಮೇಲಿನ ನಿಲ್ದಾಣದಿಂದ ತುತ್ತತುದಿಗೆ ನಡೆಯಲು ಬೇರೆಯೇ ಪರವಾನಗಿ ಬೇಕು, ಅದನ್ನು ಬಹಳ ಮುಂಚೆ ಕಾಯ್ದಿರಿಸಬೇಕು.

ಪ್ರಶ್ನೆ: ಬ್ರಿಟನ್ ವೀಸಾ ಇದ್ದರೆ ಸಾಕೇ?
– ಓದುಗರು, ದಾವಣಗೆರೆ

ಉತ್ತರ: ಸಾಲದು. ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಬೇಕು. ಬ್ರಿಟನ್ನಿಗೆ ಪ್ರವಾಸಿಯಾಗಿ ಹೋಗುವವರು ಭಾರತದಲ್ಲೇ ಅರ್ಜಿ ಹಾಕಿ ವೀಸಾ ಕೈಗೆ ಬಂದ ಮೇಲೆ ಹೊರಡಿ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವೈದ್ಯವಿಮೆ ಕಡ್ಡಾಯ.

ಪ್ರಶ್ನೆ: ಜ್ವಾಲಾಮುಖಿ ಸಿಡಿದರೆ? ಸಸ್ಯಾಹಾರ ಸಿಗುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಟೆನೆರೀಫೆಯಲ್ಲಿ ಕೊನೆಯ ಸ್ಫೋಟವಾದದ್ದು 1909ರಲ್ಲಿ, ಚಿನ್ಯೇರೊ ಎಂಬ ಜ್ವಾಲಾಮುಖಿಯಲ್ಲಿ. 2021ರಲ್ಲಿ ಸುದ್ದಿಯಾದದ್ದು ಪಕ್ಕದ ಲಾ ಪಾಲ್ಮಾ ದ್ವೀಪ.

ಊಟಕ್ಕೆ ‘ಪಾಪಾಸ್ ಅರುಗಾದಾಸ್’ ಕೇಳಿ: ಸಿಪ್ಪೆ ಸಮೇತ ಉಪ್ಪುನೀರಲ್ಲಿ ನೀರಿಂಗುವವರೆಗೆ ಬೇಯಿಸಿದ ಸಣ್ಣ ಆಲೂಗಡ್ಡೆ, ಜೊತೆಗೆ ಬೆಳ್ಳುಳ್ಳಿ ಹಾಕಿದ ‘ಮೊಹೊ’ ಚಟ್ನಿ. ಸೊಪ್ಪಿನ ಸೂಪಿನಲ್ಲಿ ಹಂದಿಮಾಂಸ, ಸಾಲಡ್ಡಿನಲ್ಲಿ ಟ್ಯೂನಾ ಮೀನು ಇರುವುದು ಮಾಮೂಲು. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಇವೆರಡೂ ತಟ್ಟೆಗೆ ಬರಬಹುದು. ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ’, ಅಂದರೆ ಮಾಂಸ, ಹಂದಿತೊಡೆ, ಮೀನು ಮೂರೂ ಬೇಡ ಎಂದು ಬಿಡಿಸಿ ಹೇಳಿ.